ಕ್ಯಾನ್ಸರ್ ಜೀನ್ ಎಂಬ ತಪ್ಪು ಹೆಸರು

ಸ್ತನ ಕ್ಯಾನ್ಸರ್ ಬಂದ ಹೆಣ್ಣುಮಗಳೊಬ್ಬರ ಜೀನ್ ಪರೀಕ್ಷೆಯ ವರದಿಯಲ್ಲಿ ಬಿಆರ್‌ಸಿಎ1 ಎಂಬ ಹೆಸರು ಕಾಣಿಸಿಕೊಂಡರೆ ನೆಂಟರಿಷ್ಟರ ನಡುವೆ ಒಂದು ಮಾತು ಹಬ್ಬುತ್ತದೆ: 'ಅವರ ಮನೆತನದಲ್ಲಿ ಕ್ಯಾನ್ಸರ್ ಜೀನ್ ಇದೆಯಂತೆ.' ಹಾಗೆ ಮಾತಾಡುವವರನ್ನು ದೂರುವಂತಿಲ್ಲ. ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಅವಸರದಲ್ಲಿ ವೈದ್ಯರೂ ಹಾಗೆಯೇ ಹೇಳಿಬಿಡುತ್ತಾರೆ. ಆದರೆ ಬಿಆರ್‌ಸಿಎ1 ಎಲ್ಲರಲ್ಲೂ ಇದೆ. ಈ ಸಾಲನ್ನು ಓದುತ್ತಿರುವ ಪ್ರತಿಯೊಬ್ಬರಲ್ಲೂ ತಂದೆಯಿಂದ ಬಂದ ಒಂದು, ತಾಯಿಯಿಂದ ಬಂದ ಒಂದು, ಹೀಗೆ ಎರಡು ಪ್ರತಿಗಳಿವೆ. ಇಲಿಯಲ್ಲಿದೆ, ಕೋಳಿಯಲ್ಲಿದೆ, ಕಪ್ಪೆಯಲ್ಲಿದೆ. ಸ್ತನವೆಂಬ ಅಂಗವೇ ಇಲ್ಲದ ಗಿಡಗಳಲ್ಲೂ ಅದರ ಬಂಧುವಿದೆ. ಪ್ರಯೋಗಾಲಯಗಳಲ್ಲಿ ಬೆಳೆಸುವ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡ ತನ್ನ ಡಿಎನ್‌ಎ ತುಂಡಾದಾಗ ಬೆಸೆದುಕೊಳ್ಳಲು ಅದನ್ನೇ ನೆಚ್ಚಿಕೊಂಡಿದೆ. ಆ ಮನೆತನದಲ್ಲಿ ವಿಶೇಷವಾಗಿ ಇರುವುದು ಆ ಜೀನ್ ಅಲ್ಲ, ಆ ಜೀನ್‌ನ ಕೆಟ್ಟುಹೋದ ಒಂದು ಪ್ರತಿ. ಇರಬಾರದ್ದು ಸೇರಿಕೊಂಡು ಬಂದ ತೊಂದರೆ ಅದಲ್ಲ, ಇರಬೇಕಾದದ್ದು ಕೈಕೊಟ್ಟು ಬಂದ ತೊಂದರೆ.

ಹೆಸರಿನ ತಪ್ಪು ಬರೀ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ. ಕ್ಯಾನ್ಸರ್ ಜೀನ್ ಅಂದಕೂಡಲೇ ಅದು ಮನೆತನಕ್ಕೆ ಅಂಟಿದ ಶಾಪದಂತೆ ಕೇಳಿಸುತ್ತದೆ, ಹೆಣ್ಣು ಕೊಡುವ ತರುವ ಮಾತುಕತೆಯವರೆಗೂ ನುಸುಳುತ್ತದೆ. ವಿಜ್ಞಾನದಲ್ಲೂ ಅದು ದಾರಿ ತಪ್ಪಿಸಿತ್ತು. ಕ್ಯಾನ್ಸರ್‌ಗೆ ಕಾರಣವಾಗುವ ಜೀನ್‌ಗಳು ಹೊರಗಿನಿಂದ, ವೈರಸ್‌ಗಳ ಮೂಲಕ ಬಂದವು ಎಂದು ಒಂದು ಕಾಲಕ್ಕೆ ದೊಡ್ಡ ದೊಡ್ಡವರೇ ನಂಬಿದ್ದರು. ಈ ಕಲ್ಪನೆಯನ್ನು ಬುಡಮೇಲು ಮಾಡಿದ ಕೆಲಸದಲ್ಲಿ ಸೂಕ್ಷ್ಮದರ್ಶಕದಷ್ಟೇ ದೊಡ್ಡ ಪಾಲು ಕಂಪ್ಯೂಟರಿನದು. ಬೇರೆ ಬೇರೆ ಜೀವಿಗಳ ಜೀನ್‌ಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಕೆಲಸ ಕಳೆದ ನಲವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಒಂದೇ ಕಡೆಗೆ ಕೈತೋರಿಸಿದೆ. ಕ್ಯಾನ್ಸರ್‌ನಲ್ಲಿ ಕೆಡುವ ಜೀನ್‌ಗಳಲ್ಲಿ ಬಹುಪಾಲು, ಒಂದು ಜೀವಕೋಶ ತನ್ನ ಡಿಎನ್‌ಎಯನ್ನು ತಪ್ಪಿಲ್ಲದೆ ನಕಲು ಮಾಡಲು ಬೇಕಾದವು, ಇಲ್ಲವೇ ಕೋಟ್ಯಂತರ ಕೋಶಗಳು ಒಂದೇ ದೇಹದಲ್ಲಿ ಹೊಂದಿಕೊಂಡು ಬಾಳಲು ಬೇಕಾದವು. ಅವುಗಳ ವಿಕಾಸದ ಚರಿತ್ರೆಯನ್ನು ಓದುವುದು ಪ್ರಾಣಿಶಾಸ್ತ್ರದವರ ಹವ್ಯಾಸವಲ್ಲ, ಇವತ್ತು ಒಬ್ಬ ರೋಗಿಯ ವರದಿಯನ್ನು ಬಿಡಿಸಿ ಓದಲು ನಮ್ಮ ಕೈಲಿರುವ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು ಎಂಬುದು ನನ್ನ ವಾದ. ಆ ಸಾಕ್ಷ್ಯಕ್ಕೆ ಮಿತಿಗಳಿವೆ. ಅವನ್ನು ಮುಚ್ಚಿಟ್ಟರೆ ವಾದವೇ ನಿಲ್ಲುವುದಿಲ್ಲ, ಆದ್ದರಿಂದ ಅವನ್ನೂ ಹೇಳಲೇಬೇಕು.

ಮೊದಲು ವಿಧಾನ. ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವವರು ಬೇರೆ ಬೇರೆ ಮಠ, ಬಸದಿ, ಮನೆಗಳಲ್ಲಿ ಸಿಕ್ಕ ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಪದ್ಯಕ್ಕೆ ಪದ್ಯ ಹೋಲಿಸುತ್ತಾರೆ. ಒಂದೇ ಪ್ರತಿಯಲ್ಲಿ ಬೇರೆಯಾಗಿರುವ ಅಕ್ಷರ ಲಿಪಿಕಾರನ ಕೈತಪ್ಪಿರಬಹುದು. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದು ಬಂದವು ಎಂದು ಊಹಿಸಬಹುದು. ಎಲ್ಲ ಪ್ರತಿಗಳಲ್ಲೂ ಅಲುಗದೆ ಉಳಿದ ಅಕ್ಷರ ಛಂದಸ್ಸಿಗೋ ಅರ್ಥಕ್ಕೋ ಅನಿವಾರ್ಯವಾಗಿರುವ ಸಾಧ್ಯತೆ ಹೆಚ್ಚು. ಜೀನ್‌ಗಳನ್ನು ಹೋಲಿಸುವ ಪ್ರೋಗ್ರಾಂ ಮಾಡುವುದೂ ಇಂಥದೇ ಪಾಠಾಂತರದ ಕೆಲಸ. ಮನುಷ್ಯನ ಬಿಆರ್‌ಸಿಎ1 ಪ್ರೊಟೀನ್ 1863 ಅಮೈನೊ ಆಮ್ಲಗಳ ಸರಪಳಿ. ಅದರ ಕೆಳಗೆ ಚಿಂಪಾಂಜಿ, ಹಸು, ನಾಯಿ, ಕೋಳಿ, ಕಪ್ಪೆಗಳ ಸರಪಳಿಗಳನ್ನು ಒಂದರ ಕೆಳಗೊಂದು ಜೋಡಿಸಿ 61ನೇ ಸ್ಥಾನಕ್ಕೆ ಬನ್ನಿ. ಮೇಲಿಂದ ಕೆಳಗೆ ಒಂದೇ ಅಕ್ಷರ: ಸಿಸ್ಟೀನ್. ಗಿಡದ ಪ್ರೊಟೀನ್ ಉಳಿದ ಕಡೆ ಗುರುತು ಸಿಗದಷ್ಟು ಬದಲಾಗಿದ್ದರೂ ಈ ಜಾಗಕ್ಕೆ ಸರಿಹೊಂದುವಲ್ಲಿ ಸಿಸ್ಟೀನೇ ಇದೆ. ಕಾರಣ, ಪ್ರೊಟೀನ್‌ನ ಆ ತುದಿ ಎರಡು ಸತುವಿನ ಅಯಾನುಗಳನ್ನು ಹಿಡಿದುಕೊಂಡು ತನ್ನ ಆಕಾರ ಪಡೆಯುತ್ತದೆ, ಹಿಡಿಯುವ ಎಂಟು ಬೆರಳುಗಳಲ್ಲಿ ಇದೊಂದು. ಬೆರಳು ಮುರಿದರೆ ಹಿಡಿತ ತಪ್ಪುತ್ತದೆ. ಮಧ್ಯ ಯುರೋಪಿನ ಹಲವು ಕುಟುಂಬಗಳಲ್ಲಿ ಆ ಸಿಸ್ಟೀನ್ ಜಾಗಕ್ಕೆ ಗ್ಲೈಸೀನ್ ಬಂದಿದೆ, ಆ ಕುಟುಂಬಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಕಾಡಿದೆ. ಕೋಟಿಗಟ್ಟಲೆ ವರ್ಷ ನಿಸರ್ಗ ಒಪ್ಪದೆ ಬಂದ ಪಾಠಾಂತರ ಅದು.

ಇಂಥ ಹೋಲಿಕೆ ಕ್ಯಾನ್ಸರ್ ವಿಜ್ಞಾನದ ದಿಕ್ಕು ತಿರುಗಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋಳಿಯಲ್ಲಿ ಗಡ್ಡೆ ಬರಿಸುವ ವೈರಸ್ಸಿನ ಸುಳಿವನ್ನು ಪೇಟನ್ ರೌಸ್ 1911ರಲ್ಲೇ ಕೊಟ್ಟಿದ್ದರು. ಆ ವೈರಸ್ಸಿನ ಗಡ್ಡೆಕಾರಕ ಜೀನ್ ಸಾರ್ಕ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಉತ್ತರ ಕಂಡುಕೊಂಡರು. ಆರೋಗ್ಯವಂತ ಕೋಳಿಯ ಡಿಎನ್‌ಎಯಲ್ಲೇ ಅದು ಇತ್ತು, ಬಾತುಕೋಳಿಯಲ್ಲೂ ಎಮು ಹಕ್ಕಿಯಲ್ಲೂ ಇತ್ತು. ವೈರಸ್ಸೇ ಅದನ್ನು ಕೋಳಿಯಿಂದ ಎತ್ತಿಕೊಂಡು ಹೋಗಿತ್ತು. ಅದು ಪ್ರಯೋಗಾಲಯದ ಕೆಲಸ. 1983ರಲ್ಲಿ ನಡೆದದ್ದು ಕಂಪ್ಯೂಟರಿನ ಕೆಲಸ. ಕೋತಿಯಲ್ಲಿ ಗಡ್ಡೆ ಬರಿಸುವ ವೈರಸ್ಸಿನ ಸಿಸ್ ಎಂಬ ಜೀನ್ ಏನು ಮಾಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯಾದ ರಸೆಲ್ ಡೂಲಿಟಲ್ ಆಗ ಲಭ್ಯವಿದ್ದ ಪ್ರೊಟೀನ್‌ಗಳ ಸರಣಿಗಳನ್ನೆಲ್ಲ ಕೂಡಿಹಾಕಿ ತಮ್ಮದೇ ಒಂದು ಸಂಗ್ರಹ ಕಟ್ಟಿಕೊಂಡಿದ್ದರು. ಹೊಸದಾಗಿ ಪ್ರಕಟವಾದ ಪ್ರೊಟೀನೊಂದರ ಸರಣಿಯನ್ನು ಅದರೊಂದಿಗೆ ಹೋಲಿಸಿದಾಗ ಸಿಸ್ ಜೊತೆ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಕೂಡಿಬಂತು. ಆ ಪ್ರೊಟೀನ್, ಗಾಯವಾದಾಗ ರಕ್ತದ ಕಿರುಬಿಲ್ಲೆಗಳು ಸುರಿಸುವ ಬೆಳವಣಿಗೆಯ ಸಂದೇಶ. 'ಇಲ್ಲಿ ಚರ್ಮ ಹರಿದಿದೆ, ವಿಭಜಿಸಿ ತುಂಬಿಕೊಳ್ಳಿ' ಎಂದು ಸುತ್ತಲ ಕೋಶಗಳಿಗೆ ಹೇಳುವ ವಸ್ತು. ಅದೇ ಸಮಯದಲ್ಲಿ ಲಂಡನ್ನಿನ ಒಂದು ತಂಡವೂ ಇದೇ ಹೋಲಿಕೆಯನ್ನು ಕಂಡಿತ್ತು. ಗಡ್ಡೆಯ ಜೀನ್ ಎಂದು ಹೆಸರಾದದ್ದು ಗಾಯ ಮಾಯಿಸುವ ಜೀನ್ ಎಂದು ತಿಳಿದದ್ದು ಹೀಗೆ, ಎರಡು ಸರಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಒಪ್ಪಿಸುವ ಉದಾಹರಣೆ ಕರುಳಿನ ಕ್ಯಾನ್ಸರ್‌ನದು. ಲಿಂಚ್ ಸಿಂಡ್ರೋಮ್ ಇರುವ ಮನೆತನಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರುತ್ತದೆ. 1993ರಲ್ಲಿ ಅಂಥ ಗಡ್ಡೆಗಳ ಡಿಎನ್‌ಎಯಲ್ಲಿ ಒಂದು ವಿಚಿತ್ರ ಕಂಡಿತು. ಸಿಎ ಸಿಎ ಸಿಎ ಎಂದು ಒಂದೇ ಉಸುರಿಗೆ ಮರುಕಳಿಸುವ ತುಣುಕುಗಳು ಕೆಲವು ಕಡೆ ಉದ್ದವಾಗಿದ್ದವು, ಕೆಲವು ಕಡೆ ಮೊಟಕಾಗಿದ್ದವು. ಪಾಠ ಒಪ್ಪಿಸುವ ಮಗು ಒಂದೇ ಪದವನ್ನು ಎಷ್ಟು ಸಲ ಹೇಳಿದೆನೆಂದು ಲೆಕ್ಕ ತಪ್ಪಿದ ಹಾಗೆ. ಯೀಸ್ಟ್ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಈ ಲಕ್ಷಣ ಪರಿಚಿತವಾಗಿತ್ತು. ನಕಲು ಮಾಡುವಾಗಿನ ತಪ್ಪನ್ನು ತಿದ್ದುವ ಜೀನ್ ಕೆಟ್ಟರೆ ಯೀಸ್ಟ್‌ನಲ್ಲೂ ಹೀಗೆಯೇ ಆಗುತ್ತಿತ್ತು, ಆ ಯೀಸ್ಟ್ ಜೀನ್‌ಗಳು ಬ್ಯಾಕ್ಟೀರಿಯಾದಲ್ಲಿ ಮ್ಯುಟ್‌ಎಸ್, ಮ್ಯುಟ್‌ಎಲ್ ಎಂಬ ಹೆಸರಿನಲ್ಲಿ ಮೊದಲೇ ಗೊತ್ತಿದ್ದವು. ಹಾಗಾದರೆ ಮನುಷ್ಯನಲ್ಲಿ ಇವುಗಳ ಬಂಧುಗಳನ್ನೇ ಹುಡುಕಬೇಕು ಎಂಬ ಸೂಚನೆ ಬಂತು. ಅದೇ ವರ್ಷದ ಕೊನೆಗೆ ಎಂಎಸ್‌ಎಚ್2 ಸಿಕ್ಕಿತು. 1994ರಲ್ಲಿ ಎರಡನೆಯದು, ಎಂಎಲ್‌ಎಚ್1, ಮಾನವ ಜೀನ್ ತುಣುಕುಗಳ ದತ್ತಾಂಶದಲ್ಲಿ ಬ್ಯಾಕ್ಟೀರಿಯಾದ ಜೀನ್‌ಗೆ ಹೋಲುವುದನ್ನು ಹುಡುಕಿದಾಗ ಕಂಪ್ಯೂಟರಿನಲ್ಲೇ ಕಣ್ಣಿಗೆ ಬಿತ್ತು. ಬ್ಯಾಕ್ಟೀರಿಯಾಕ್ಕೆ ಕ್ಯಾನ್ಸರ್ ಬರುವುದಿಲ್ಲ, ಅದಕ್ಕೆ ಕರುಳೂ ಇಲ್ಲ. ಆದರೂ ಅದರ ಜೀನ್ ತಿಳಿದಿದ್ದರಿಂದಲೇ ಒಂದು ಮನೆತನದ ರೋಗದ ಕಾರಣ ಇಷ್ಟು ಬೇಗ ತಿಳಿಯಿತು. ಇವತ್ತು ಲಿಂಚ್ ಸಿಂಡ್ರೋಮ್ ಇರುವವರಿಗೆ ಮೊದಲೇ ಕೊಲೊನೋಸ್ಕೋಪಿ ಮಾಡಿ, ಗಡ್ಡೆಯಾಗುವ ಮುನ್ನವೇ ಗಂಟುಗಳನ್ನು ತೆಗೆದು ಜೀವ ಉಳಿಸುತ್ತಿರುವುದರ ಹಿಂದೆ ಈ ದಾರಿಯಿದೆ.

ಬಿಡಿ ಜೀನ್‌ಗಳ ಕಥೆ ಹೀಗಿದ್ದರೆ, ಕ್ಯಾನ್ಸರ್‌ಗೆ ಸಂಬಂಧಿಸಿದ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ತೆಗೆದುಕೊಂಡು ಅವು ವಿಕಾಸದ ಯಾವ ಘಟ್ಟದಲ್ಲಿ ಹುಟ್ಟಿದವು ಎಂದು ಕೇಳಿದರೆ? ತೊಮಿಸ್ಲಾವ್ ದೊಮಾಜೆಟ್-ಲೊಷೊ ಮತ್ತು ಡೀಥಾರ್ಡ್ ಟೌಟ್ಸ್ 2010ರಲ್ಲಿ ಇದನ್ನೇ ಮಾಡಿದರು. ಬಾವಿ ತೋಡುವಾಗ ಮಣ್ಣಿನ ಪದರಗಳು ಒಂದೊಂದಾಗಿ ಕಾಣುವಂತೆ ಅವರು ಜೀವಚರಿತ್ರೆಯನ್ನು ಪದರಗಳಾಗಿ ವಿಂಗಡಿಸಿದರು. ಒಂದು ಮಾನವ ಜೀನ್‌ಗೆ ಬ್ಯಾಕ್ಟೀರಿಯಾದಲ್ಲಿ ಬಂಧು ಸಿಕ್ಕರೆ ಅದು ಅತಿ ಕೆಳಗಿನ ಪದರದ್ದು, ಸ್ಪಂಜು ಪ್ರಾಣಿಗಳವರೆಗೆ ಮಾತ್ರ ಸಿಕ್ಕರೆ ಪ್ರಾಣಿಗಳು ಹುಟ್ಟಿದ ಪದರದ್ದು, ಸಸ್ತನಿಗಳಲ್ಲಿ ಮಾತ್ರ ಸಿಕ್ಕರೆ ಮೇಲಿನದು. ಹೀಗೆ ವಿಂಗಡಿಸಿದಾಗ ಕ್ಯಾನ್ಸರ್ ಜೀನ್‌ಗಳು ಎರಡು ಕಡೆ ಗುಡ್ಡೆಬಿದ್ದಿದ್ದವು. ಒಂದು ಗುಡ್ಡೆ ಮೊದಲ ಜೀವಕೋಶದ ಕಾಲದ್ದು, ಅದರಲ್ಲಿ ಡಿಎನ್‌ಎ ದುರಸ್ತಿಯ ಜೀನ್‌ಗಳು ಹೆಚ್ಚು. ಇನ್ನೊಂದು ಗುಡ್ಡೆ ಬಹುಕೋಶ ಪ್ರಾಣಿಗಳು ಹುಟ್ಟಿದ, ಸುಮಾರು 60 ಕೋಟಿ ವರ್ಷಗಳಿಗೂ ಹಿಂದಿನ ಘಟ್ಟದ್ದು. ಅದರಲ್ಲಿ ಕೋಶ ಯಾವಾಗ ವಿಭಜಿಸಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂದು ತೀರ್ಮಾನಿಸುವ ದ್ವಾರಪಾಲಕ ಜೀನ್‌ಗಳು ಹೆಚ್ಚು. ದುರಸ್ತಿಯವರು, ದ್ವಾರಪಾಲಕರು ಎಂಬ ಈ ಎರಡು ವರ್ಗಗಳನ್ನು ಕೆನೆತ್ ಕಿನ್ಜ್ಲರ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ರೋಗಿಗಳ ಅಧ್ಯಯನದಿಂದಲೇ 1997ರಲ್ಲಿ ಗುರುತಿಸಿದ್ದರು. ವೈದ್ಯರು ಕೆಲಸ ನೋಡಿ ಮಾಡಿದ ವಿಭಾಗವೇ ವಯಸ್ಸು ನೋಡಿ ಮಾಡಿದ ವಿಭಾಗದಲ್ಲೂ ಎದ್ದು ಬಂತೆನ್ನುವುದು ನನಗೆ ಬಹಳ ಬೆಲೆಯ ಸಂಗತಿಯಾಗಿ ಕಾಣುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಬಂಧು ಸಿಗಲಿಲ್ಲ ಅಂದರೆ ಬಂಧು ಇಲ್ಲ ಎಂದು ಅರ್ಥವೇ? ಹುಡುಕುವ ಪ್ರೋಗ್ರಾಂ ಎರಡು ಸರಣಿಗಳ ನಡುವೆ ಉಳಿದಿರುವ ಹೋಲಿಕೆಯನ್ನಷ್ಟೇ ಕಾಣಬಲ್ಲದು. ಚಿಕ್ಕದಾದ, ಬೇಗಬೇಗ ಬದಲಾಗುವ ಪ್ರೊಟೀನ್ ಎಷ್ಟೇ ಹಳೆಯದಾದರೂ ಅದರ ಹಳೆಯ ಬಂಧುಗಳ ಮುಖಚಹರೆ ಅಳಿಸಿಹೋಗಿರುತ್ತದೆ, ಲೆಕ್ಕದಲ್ಲಿ ಅದು ಹೊಸ ಜೀನ್ ಆಗಿಬಿಡುತ್ತದೆ. ಬ್ರಯನ್ ಮೋಯರ್ಸ್ ಮತ್ತು ಜಿಯಾಂಜಿ ಜಾಂಗ್ 2015ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. 2020ರಲ್ಲಿ ಕ್ಯಾರೊಲಿನ್ ವೈಸ್‌ಮನ್ ಮತ್ತು ಸಂಗಡಿಗರು, ಒಂದು ಪ್ರಭೇದಕ್ಕೆ ಮಾತ್ರ ಸೇರಿದವೆಂದು ಹೇಳಿದ ಎಷ್ಟೋ ಜೀನ್‌ಗಳ ಒಂಟಿತನ ಬರೀ ಹುಡುಕಾಟದ ಸೋಲು ಎಂದು ವಿವರಿಸಿದರು. ಈ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಂದು ಎರಡು ಗುಡ್ಡೆಗಳ ವಾದ ಕುಸಿಯುವುದಿಲ್ಲ. ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತದೆ, ಹಳೆಯದನ್ನು ಹೊಸದೆಂದು ಹೇಳುತ್ತದೆ. ಕ್ಯಾನ್ಸರ್ ಜೀನ್‌ಗಳ ಬಗ್ಗೆ ನಾವು ಹೇಳುತ್ತಿರುವುದು ಅವು ಹಳೆಯವು ಎಂದು. ಬ್ಯಾಕ್ಟೀರಿಯಾದಲ್ಲಿ ಸಿಕ್ಕ ದುರಸ್ತಿ ಜೀನ್ ಸಿಕ್ಕಿಯೇ ಇದೆ, ಅದನ್ನು ಯಾವ ಟೀಕೆಯೂ ಹಿಂತೆಗೆದುಕೊಳ್ಳಲಾರದು. ಅಲುಗಾಡುವುದು ಎರಡನೆಯ ಗುಡ್ಡೆ. ಪ್ರಾಣಿಗಳೊಂದಿಗೆ ಹುಟ್ಟಿದವು ಎಂದುಕೊಂಡ ದ್ವಾರಪಾಲಕರಲ್ಲಿ ಕೆಲವರು ಇನ್ನೂ ಹಿಂದಿನವರಿರಬಹುದು.

ನಡೆದದ್ದೂ ಹಾಗೆಯೇ. ಪ್ರಾಣಿಗಳಿಗೆ ಅತಿ ಹತ್ತಿರದ ಏಕಕೋಶ ಬಂಧುಗಳಾದ ಕೋಯನೊಫ್ಲಾಜೆಲೇಟ್‌ಗಳನ್ನು ನಿಕೋಲ್ ಕಿಂಗ್ ಮತ್ತು ಸಂಗಡಿಗರು ಓದಿದಾಗ, ಕೋಶಕೋಶಗಳ ನಡುವಿನ ಮಾತುಕತೆಗೆಂದೇ ಹುಟ್ಟಿದವು ಎಂದುಕೊಂಡಿದ್ದ ಟೈರೋಸಿನ್ ಕೈನೇಸ್ ಎಂಬ ಪ್ರೊಟೀನ್‌ಗಳು ನೂರಕ್ಕೂ ಹೆಚ್ಚು ಸಿಕ್ಕವು, ಸಾರ್ಕ್‌ನ ಬಂಧುಗಳೂ ಸೇರಿ. ಕಣ್ಣಿನ ರೆಟಿನೋಬ್ಲಾಸ್ಟೋಮಾ ಕ್ಯಾನ್ಸರ್‌ನಿಂದ ಹೆಸರು ಪಡೆದ ಆರ್‌ಬಿ ಜೀನ್ ಕೊಳದ ನೀರಿನ ಏಕಕೋಶ ಪಾಚಿ ಕ್ಲಮಿಡೊಮೊನಾಸ್‌ನಲ್ಲೂ ಇದೆ, ಅಲ್ಲಿ ಅದು ಕೋಶ ಎಷ್ಟು ದೊಡ್ಡದಾದ ಮೇಲೆ ವಿಭಜಿಸಬೇಕೆಂದು ನೋಡಿಕೊಳ್ಳುತ್ತದೆ. ಇದರ ಹತ್ತಿರದ ಬಂಧು ಗೋನಿಯಂ, ಬೆರಳೆಣಿಕೆಯ ಕೋಶಗಳು ತಟ್ಟೆಯಂತೆ ಅಂಟಿಕೊಂಡು ಬಾಳುವ ಪಾಚಿ. 2016ರಲ್ಲಿ ಗೋನಿಯಂನ ಆರ್‌ಬಿ ಜೀನನ್ನು ಕ್ಲಮಿಡೊಮೊನಾಸ್‌ಗೆ ಸೇರಿಸಿದಾಗ ಒಂಟಿಯಾಗಿ ಈಜುತ್ತಿದ್ದ ಕೋಶಗಳು ಗುಂಪುಗೂಡಿದವು. ಜೀನ್ ಪಟ್ಟಿಗಳ ಹೋಲಿಕೆಯಿಂದ ಎದ್ದ ಊಹೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಸಿಗುವುದು ಕಷ್ಟ. ಒಟ್ಟಿಗೆ ಬಾಳುವ ನಿಯಮಗಳನ್ನು ನಿಸರ್ಗ ಹೊಸದಾಗಿ ಬರೆದದ್ದು ಕಡಿಮೆ, ಒಂಟಿ ಕೋಶ ತನಗಾಗಿ ಇಟ್ಟುಕೊಂಡಿದ್ದನ್ನೇ ಗುಂಪಿನ ಕೆಲಸಕ್ಕೆ ಹಚ್ಚಿದ್ದು ಹೆಚ್ಚು. ದ್ವಾರಪಾಲಕರ ವಯಸ್ಸು ಹಿಂದಕ್ಕೆ ಸರಿದರೂ ಅವರ ಕೆಲಸದ ಬಗ್ಗೆ ನಾನು ಹೇಳಿದ್ದು ಇನ್ನಷ್ಟು ಸ್ಪಷ್ಟವಾಗುತ್ತದೆಯೇ ಹೊರತು ಮಸುಕಾಗುವುದಿಲ್ಲ.

ಈ ಸಾಕ್ಷ್ಯವನ್ನು ಹಿಡಿದು ಕೆಲವರು ಇನ್ನೂ ದೂರ ಹೋಗುತ್ತಾರೆ. ಭೌತವಿಜ್ಞಾನಿ ಪಾಲ್ ಡೇವಿಸ್ ಮತ್ತು ಖಭೌತವಿಜ್ಞಾನಿ ಚಾರ್ಲ್ಸ್ ಲೈನ್‌ವೀವರ್ 2011ರಲ್ಲಿ, ಕ್ಯಾನ್ಸರ್ ಎಂದರೆ ನಮ್ಮೊಳಗೆ ಹುದುಗಿರುವ ಅತಿ ಪುರಾತನ ಪ್ರಾಣಿಯೊಂದರ ಹಳೆಯ ಕಾರ್ಯಕ್ರಮ ಮತ್ತೆ ಎಚ್ಚರಗೊಳ್ಳುವುದು ಎಂದು ಮಂಡಿಸಿದರು. ಕೇಳಲು ಆಕರ್ಷಕವಾದ ಮಾತು. ಅದಕ್ಕೆ ಬೆಂಬಲವಾಗಿ ಆಗಾಗ ಎತ್ತಿ ಹೇಳುವ ಅಧ್ಯಯನ ಆಸ್ಟ್ರೇಲಿಯಾದ ಅನ್ನಾ ಟ್ರಿಗೋಸ್ ಮತ್ತು ಸಂಗಡಿಗರದು, 2017ರದ್ದು. ಏಳು ಬಗೆಯ ಗಡ್ಡೆಗಳಲ್ಲಿ ಏಕಕೋಶ ಕಾಲದ ಜೀನ್‌ಗಳ ಚಟುವಟಿಕೆ ಏರಿ ಬಹುಕೋಶ ಕಾಲದವುಗಳದ್ದು ಇಳಿದಿತ್ತು, ಎರಡರ ನಡುವಿನ ಹೊಂದಾಣಿಕೆ ಹರಿದುಹೋಗಿತ್ತು. ಈ ಫಲಿತಾಂಶವನ್ನು ನಾನು ನಂಬುತ್ತೇನೆ, ಆದರೆ ಅದರಿಂದ ಹಳೆಯ ಕಾರ್ಯಕ್ರಮ ಎಚ್ಚೆತ್ತಿತು ಎಂಬ ತೀರ್ಮಾನ ಹುಟ್ಟುವುದಿಲ್ಲ. ವಿಭಜಿಸುವ ಯಾವ ಕೋಶವೂ ಹಳೆಯ ಜೀನ್‌ಗಳನ್ನೇ ಬಳಸಬೇಕು, ಯಾಕೆಂದರೆ ವಿಭಜನೆಯ ಯಂತ್ರವೇ ಹಳೆಯದು. ಗಾಯ ತುಂಬುವ ಚರ್ಮದಲ್ಲೂ ಬೆಳೆಯುವ ಭ್ರೂಣದಲ್ಲೂ ಅವು ಏರುತ್ತವೆ. ಬೇಲಿ ಬಿದ್ದ ಮೇಲೆ ದನ ಹೊಲಕ್ಕೆ ನುಗ್ಗಿದರೆ, ದನಕ್ಕೆ ಕಾಡಿನ ನೆನಪು ಬಂತೆಂದು ಹೇಳಬೇಕಾಗಿಲ್ಲ. ಬೇಲಿ ಬಿದ್ದದ್ದಷ್ಟೇ ಸಾಕಾದ ವಿವರಣೆ. ಇಂಥ ಕಥನಗಳ ಬಗ್ಗೆ ಎಚ್ಚರ ಬೇಕೆನ್ನುವುದು ಯಾಕೆಂದರೆ, ಕ್ಯಾನ್ಸರ್‌ಗೆ ಪವಾಡದ ಮದ್ದು ಮಾರುವವರು ಇವುಗಳನ್ನೇ ಎತ್ತಿಕೊಂಡು ರೋಗಿಗಳ ಮನೆ ಬಾಗಿಲಿಗೆ ಹೋಗುತ್ತಾರೆ.

ಬೇಲಿ ಹೇಗೆ ಬೀಳುತ್ತದೆ ಎಂಬುದನ್ನೂ ವಿಕಾಸದ ಲೆಕ್ಕವೇ ತೋರಿಸಿಕೊಟ್ಟಿದೆ, ಆದರೆ ಈ ಸಲ ಒಂದು ದೇಹದ ಒಳಗೆ. ಜೀನ್‌ನ ಭಾಷೆಯಲ್ಲಿ ಮೂರು ಅಕ್ಷರ ಸೇರಿ ಒಂದು ಅಮೈನೊ ಆಮ್ಲ. ಕೆಲವು ಅಕ್ಷರ ಬದಲಾದರೂ ಅರ್ಥ ಅದೇ ಇರುತ್ತದೆ, ಕೆಲವು ಬದಲಾದರೆ ಅರ್ಥ ಬದಲಾಗುತ್ತದೆ. ಅರ್ಥ ಕೆಡಿಸದ ಬದಲಾವಣೆಗಳ ಸಂಖ್ಯೆಯಿಂದ ಆ ಜೀನ್‌ನಲ್ಲಿ ಸಹಜವಾಗಿ ಎಷ್ಟು ತಪ್ಪು ಬೀಳುತ್ತದೆ ಎಂದು ಅಳೆಯಬಹುದು. ಅರ್ಥ ಬದಲಿಸುವವು ಆ ಅಳತೆ ಮೀರಿದ್ದರೆ ನಿಸರ್ಗದ ಆಯ್ಕೆ ಅವನ್ನು ಮುಂದೆ ತಳ್ಳಿದೆ, ಅಳತೆಗಿಂತ ಕಡಿಮೆಯಿದ್ದರೆ ಆಯ್ಕೆ ಅವನ್ನು ಅಳಿಸಿದೆ. ಪ್ರಭೇದಗಳ ನಡುವೆ ಹುಟ್ಟಿದ ಈ ಅಳತೆಯನ್ನು ಇನಿಗೊ ಮಾರ್ಟಿಂಕೊರೆನಾ ಮತ್ತು ಸಂಗಡಿಗರು 2017ರಲ್ಲಿ 29 ಬಗೆಯ ಕ್ಯಾನ್ಸರ್‌ಗಳ 7,664 ಗಡ್ಡೆಗಳಿಗೆ ಹಚ್ಚಿದರು. ಗಡ್ಡೆಯನ್ನು ಮುಂದೆ ತಳ್ಳುವ ಇಂಥ ಬದಲಾವಣೆಗಳು ಗಡ್ಡೆಯೊಂದಕ್ಕೆ ಸರಾಸರಿ ನಾಲ್ಕು ಮಾತ್ರ. ಕೆಡುಕೆಂದು ಅಳಿಸಿಹೋದವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದೇ ಗುಂಪಿನವರು 2018ರಲ್ಲಿ ಆರೋಗ್ಯವಂತರ ಅನ್ನನಾಳವನ್ನು ನೋಡಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ಕ್ಯಾನ್ಸರ್ ಜೀನ್ ಎಂದು ಪಟ್ಟಿಯಲ್ಲಿರುವ ನಾಚ್1ನ ಕೆಟ್ಟ ಪ್ರತಿಗಳು ಅನ್ನನಾಳದ ಕ್ಯಾನ್ಸರ್‌ಗಿಂತ ಮಧ್ಯವಯಸ್ಸಿನವರ ಸಾಮಾನ್ಯ ಅನ್ನನಾಳದಲ್ಲೇ ಹೆಚ್ಚು ಹರಡಿದ್ದವು. ಪಟ್ಟಿಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಒಂದು ಬದಲಾವಣೆಯನ್ನು ಅಪರಾಧಿಯೆಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಹೊರಗಿನ ಕಾರಣಗಳೂ ಈ ಅಕ್ಷರಗಳಲ್ಲಿ ಗುರುತು ಬಿಡುತ್ತವೆ. ಬೂಸ್ಟು ಹಿಡಿದ ಶೇಂಗಾ, ಜೋಳಗಳಲ್ಲಿ ಸೇರುವ ಅಫ್ಲಾಟಾಕ್ಸಿನ್ ವಿಷ ಹೆಚ್ಚಾಗಿರುವ ಪ್ರದೇಶಗಳ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ದ್ವಾರಪಾಲಕರಲ್ಲಿ ಒಂದಾದ ಪಿ53 ಪ್ರೊಟೀನ್‌ನ 249ನೇ ಸ್ಥಾನವೇ ಮತ್ತೆ ಮತ್ತೆ ಕೆಟ್ಟಿರುವುದು 1991ರಿಂದಲೇ ಗೊತ್ತಿದೆ.

ಆನೆಯ ಮಾತು ಇಲ್ಲಿ ಬರದೆ ಇರುವುದಿಲ್ಲ. ದೊಡ್ಡ ದೇಹದಲ್ಲಿ ಕೋಶಗಳು ಹೆಚ್ಚು, ಆದ್ದರಿಂದ ಕ್ಯಾನ್ಸರ್ ಹೆಚ್ಚಿರಬೇಕಿತ್ತು, ಹಾಗೆ ಕಾಣುವುದಿಲ್ಲವೇಕೆ ಎಂದು ರಿಚರ್ಡ್ ಪೀಟೊ 1970ರ ದಶಕದಲ್ಲಿ ಕೇಳಿದರು. 2015ರಲ್ಲಿ ಆಫ್ರಿಕಾದ ಆನೆಯಲ್ಲಿ ಪಿ53 ಜೀನ್‌ನ ಸುಮಾರು 20 ಜೋಡಿ ಪ್ರತಿಗಳಿವೆ, ಮನುಷ್ಯನಲ್ಲಿ ಒಂದೇ ಜೋಡಿ ಇದೆ ಎಂದು ತಿಳಿದಾಗ ಒಗಟು ಬಿಡಿಸಿದಂತಾಯಿತೆಂದು ಎಲ್ಲ ಕಡೆ ಸುದ್ದಿಯಾಯಿತು. ಅಷ್ಟು ಸುಲಭವಿಲ್ಲ. ಆ ಪ್ರತಿಗಳಲ್ಲಿ ಬಹುಪಾಲು ಮೊಟಕಾದ ನಕಲುಗಳು, ಎಷ್ಟು ಕೆಲಸ ಮಾಡುತ್ತವೆ ಎಂಬ ವಿಚಾರಣೆ ನಡೆದೇ ಇದೆ. 191 ಸಸ್ತನಿ ಪ್ರಭೇದಗಳ ಮೃಗಾಲಯದ ದಾಖಲೆ ನೋಡಿದ 2022ರ ಅಧ್ಯಯನಕ್ಕೆ ದೇಹದ ಗಾತ್ರಕ್ಕೂ ಕ್ಯಾನ್ಸರ್ ಸಾವಿಗೂ ನಂಟು ಕಾಣಲಿಲ್ಲ, ನಂತರದ ವಿಶ್ಲೇಷಣೆಗಳು ಗಾತ್ರದೊಂದಿಗೆ ಅಪಾಯ ತುಸು ಏರುತ್ತದೆ ಎನ್ನುತ್ತವೆ. ನನ್ನ ವಾದ ಆನೆಯ ಮೇಲೆ ನಿಂತಿಲ್ಲ. ಒಂದು ಪ್ರಾಣಿಯ ಒಂದು ಗುಣವನ್ನು ಒಂದು ಜೀನ್‌ಗೆ ಗಂಟುಹಾಕುವುದಕ್ಕೂ, ನೂರಾರು ಪ್ರಭೇದಗಳಲ್ಲಿ ಒಂದೇ ಅಕ್ಷರ ಉಳಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಕ್ಕೂ ಸಾಕ್ಷ್ಯದ ತೂಕದಲ್ಲಿ ದೊಡ್ಡ ಅಂತರವಿದೆ.

ಹೀಗೆ ಅಂತರವನ್ನು ಕಾಯ್ದುಕೊಂಡರೆ ಈ ಸಾಕ್ಷ್ಯ ರೋಗಿಗೆ ಯಾವ ಉಪಯೋಗಕ್ಕೆ ಬರುತ್ತದೆ? ಜೀನ್ ಪರೀಕ್ಷೆಯ ವರದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವ ಸಾಲು 'ರೋಗಕಾರಕ' ಎಂಬುದಲ್ಲ, 'ಪರಿಣಾಮ ಖಚಿತವಿಲ್ಲದ ಪಾಠಾಂತರ' ಎಂಬ ಅರ್ಥದ ಸಾಲು. ಅಕ್ಷರ ಬದಲಾಗಿದೆ, ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದು. ಅಂಥ ಬದಲಾವಣೆ ಇಡೀ ಜಗತ್ತಿನಲ್ಲಿ ಆ ಒಬ್ಬರಲ್ಲಿ ಮಾತ್ರ ಕಂಡಿರಬಹುದು, ಆಗ ರೋಗಿಗಳ ಅಂಕಿಅಂಶ ನೆರವಿಗೆ ಬರುವುದಿಲ್ಲ. ಉಳಿಯುವುದು ಬೇರೆ ಜೀವಿಗಳ ಸಾಕ್ಷಿ. ಕೋತಿ-ವಾನರ ಬಳಗದ 233 ಪ್ರಭೇದಗಳ ಜೀನೋಮ್ ಓದಿದ 2023ರ ಅಧ್ಯಯನ ಈ ದಾರಿಯದು. ನಮ್ಮ ಹತ್ತಿರದ ಬಂಧುಗಳಲ್ಲಿ ಸಾಮಾನ್ಯವಾಗಿರುವ ಬದಲಾವಣೆ ನಮಗೂ ಹಾನಿ ಮಾಡದಿರುವ ಸಾಧ್ಯತೆ ಬಹಳ. ಅದೇ ವರ್ಷ ಬಂದ ಆಲ್ಫಾಮಿಸೆನ್ಸ್ ಎಂಬ ಪ್ರೋಗ್ರಾಂ ಇಂಥ ಹೋಲಿಕೆಯನ್ನೂ ಪ್ರೊಟೀನ್‌ನ ಆಕಾರವನ್ನೂ ಬಳಸಿ ಮನುಷ್ಯನಲ್ಲಿ ಸಾಧ್ಯವಿರುವ, ಅರ್ಥ ಬದಲಿಸುವ ಸುಮಾರು 7.1 ಕೋಟಿ ಒಂದಕ್ಷರದ ಬದಲಾವಣೆಗಳಿಗೆ ಅಂಕ ಕೊಟ್ಟಿತು.

ಇದಕ್ಕೆ ಎರಡು ಆಕ್ಷೇಪಗಳು. ಬೇರೆ ಪ್ರಾಣಿಗೆ ಒಗ್ಗಿದ್ದು ನಮಗೂ ಒಗ್ಗಬೇಕೆಂದಿಲ್ಲ ಎಂಬುದು ಮೊದಲನೆಯದು. ಅಲೆಕ್ಸಿ ಕೊಂಡ್ರಶೋವ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದಂತೆ, ಬೇರೆ ಪ್ರಾಣಿಗಳ ಪ್ರೊಟೀನ್‌ಗಳು ನಮ್ಮದಕ್ಕಿಂತ ಬೇರೆಯಾಗಿರುವ ಜಾಗಗಳಲ್ಲಿ ಸುಮಾರು ಹತ್ತರಲ್ಲೊಂದು, ಮನುಷ್ಯನಲ್ಲಿ ಬಂದರೆ ರೋಗ ತರುವಂಥದು. ಆ ಪ್ರಾಣಿಯಲ್ಲಿ ಇನ್ನೊಂದು ಕಡೆಯ ಬದಲಾವಣೆ ಇದರ ಕೊರತೆಯನ್ನು ತುಂಬಿಕೊಟ್ಟಿರುತ್ತದೆ. ಗ್ರಂಥಸಂಪಾದನೆಯ ಹೋಲಿಕೆ ಸೋಲುವುದೂ ಇಲ್ಲೇ. ಓಲೆಗರಿಗಳಿಗೆ ಕವಿ ಬರೆದ ಒಂದು ಮೂಲಪಾಠವಿತ್ತು, ಜೀನ್‌ಗಳಲ್ಲಿ ಸರಿಯಾದ ಮೂಲಪಾಠವೆಂಬುದು ಇಲ್ಲ, ಪ್ರತಿ ಪ್ರಭೇದದ ಪಾಠವೂ ಅದರದರ ಮಟ್ಟಿಗೆ ಸರಿ. ಹತ್ತಿರದ ಬಂಧುಗಳಿಗೆ ಹೆಚ್ಚು ತೂಕ ಕೊಟ್ಟು, ಒಂದೊಂದೇ ಅಕ್ಷರದ ಬದಲು ಇಡೀ ಸಾಲಿನ ಹೊಂದಾಣಿಕೆ ನೋಡುವ ಹೊಸ ವಿಧಾನಗಳು ಈ ತಪ್ಪನ್ನು ತಗ್ಗಿಸಿವೆ, ನಿವಾರಿಸಿಲ್ಲ. ಎರಡನೆಯ ಆಕ್ಷೇಪ, ಮುಖ್ಯವಾದದ್ದು ಬದಲಾಗದೆ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆಯೇ. ಬಿಆರ್‌ಸಿಎ1ನ ನಡುಭಾಗ ಮನುಷ್ಯ ಮತ್ತು ಚಿಂಪಾಂಜಿಗಳ ದಾರಿಯಲ್ಲಿ ನಿರೀಕ್ಷೆಗಿಂತ ಬೇಗ ಬದಲಾಗಿದೆ ಎಂದು 2000ದಲ್ಲೇ ಕಂಡುಬಂದಿತ್ತು. ಏನೋ ಒಂದು ಒತ್ತಡ ಅದನ್ನು ಬದಲಾಯಿಸುತ್ತಲೇ ಬಂದಿದೆ. ಆದ್ದರಿಂದ ಬದಲಾದ ಜಾಗವೆಲ್ಲ ಕೆಲಸಕ್ಕೆ ಬಾರದ್ದು ಎನ್ನಲಾಗದು. ಈ ಎರಡೂ ಆಕ್ಷೇಪಗಳಿಗೆ ಉತ್ತರ ಪ್ರಯೋಗಾಲಯದಲ್ಲಿದೆ. 2018ರಲ್ಲಿ ಸಿಯಾಟಲ್‌ನ ತಂಡವೊಂದು ಬಿಆರ್‌ಸಿಎ1 ಇಲ್ಲದೆ ಬದುಕಲಾರದ ಕೋಶಗಳಲ್ಲಿ ಆ ಜೀನ್‌ನ ಮುಖ್ಯ ಭಾಗಗಳ ಸುಮಾರು 3,900 ಒಂದಕ್ಷರದ ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ಯಾವ ಕೋಶ ಉಳಿಯಿತು, ಯಾವುದು ಸತ್ತಿತು ಎಂದು ಎಣಿಸಿತು. ವಿಕಾಸದ ಅಂದಾಜು ಅದರೊಂದಿಗೆ ಬಹುಪಾಲು ಕೂಡುತ್ತದೆ, ಎಲ್ಲ ಕಡೆ ಅಲ್ಲ. ಅಮೈನೊ ಆಮ್ಲವನ್ನು ಬದಲಿಸದೆ ಆರ್‌ಎನ್‌ಎಯ ಜೋಡಣೆಯನ್ನು ಮಾತ್ರ ಕೆಡಿಸುವ ಬದಲಾವಣೆಗಳು ಪ್ರೊಟೀನ್ ಹೋಲಿಕೆಯ ಕಣ್ಣಿಗೆ ಬೀಳುವುದೇ ಇಲ್ಲ. ವಿಕಾಸದ ಅಂಕವನ್ನು ತೀರ್ಪೆಂದು ತಿಳಿಯಬಾರದು, ಸಾಕ್ಷಿಯೆಂದು ಕರೆಸಿ ಪಾಟೀಸವಾಲಿಗೆ ಒಡ್ಡಬೇಕು.

ಇನ್ನು ನಮ್ಮ ಜನರ ಮಾತು. ಒಂದು ಬದಲಾವಣೆ ಆರೋಗ್ಯವಂತ ಜನರಲ್ಲಿ ಸಾಮಾನ್ಯವಾಗಿದ್ದರೆ ಅದು ತೀವ್ರವಾದ ಕ್ಯಾನ್ಸರ್ ತರುವಂಥದ್ದಾಗಿರಲಾರದು ಎಂಬುದೂ ವಿಕಾಸದ ತರ್ಕವೇ. ಆದರೆ ಜಗತ್ತಿನ ದತ್ತಾಂಶ ಭಂಡಾರಗಳಲ್ಲಿ ಯುರೋಪ್ ಮೂಲದವರು ತುಂಬಿದ್ದಾರೆ, ನಮ್ಮಲ್ಲಿ ಸಾಮಾನ್ಯವಾದ ನಿರುಪದ್ರವಿ ಬದಲಾವಣೆ ಅಲ್ಲಿ ಅಪರೂಪವಾಗಿ ಕಾಣುತ್ತದೆ, ಅಪರೂಪವೆಂಬ ಕಾರಣಕ್ಕೆ ನಮ್ಮವರ ವರದಿಯಲ್ಲಿ 'ಖಚಿತವಿಲ್ಲ' ಎಂದು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ 10 ಸಾವಿರ ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದದ್ದು ಈ ದೃಷ್ಟಿಯಿಂದ ನೋಡಬೇಕಾದ ಕೆಲಸ. ಒಳಮದುವೆಯ ಕಟ್ಟಿನಿಂದ ಸಾವಿರಾರು ಗುಂಪುಗಳಾಗಿ ಬೇರ್ಪಟ್ಟು ಬಂದ ದೇಶಕ್ಕೆ 10 ಸಾವಿರ ಬಹಳ ಕಡಿಮೆ, ಆದರೂ ಮೊದಲಿನ ಬರಿಗೈಗಿಂತ ಎಷ್ಟೋ ಮೇಲು. ಬಿಆರ್‌ಸಿಎ1 ಜೀನ್‌ನ ಆರಂಭದಲ್ಲೇ ಎರಡು ಅಕ್ಷರ ಬಿದ್ದುಹೋಗುವ ಒಂದು ತಪ್ಪಿದೆ. ಅಲ್ಲಿಂದ ಮುಂದೆ ಸಾಲೆಲ್ಲ ಅಸ್ತವ್ಯಸ್ತವಾಗಿ, ಸಾವಿರಕ್ಕೂ ಮಿಕ್ಕಿ ಉದ್ದವಿರಬೇಕಾದ ಪ್ರೊಟೀನ್ 39ನೇ ಹೆಜ್ಜೆಗೆ ನಿಂತುಬಿಡುತ್ತದೆ. ಅದು ಪೂರ್ವ ಯುರೋಪ್ ಮೂಲದ ಯಹೂದಿ ಕುಟುಂಬಗಳಲ್ಲಿ ಸಾಮಾನ್ಯವೆಂದು ಪ್ರಸಿದ್ಧ. ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದಾಗ ಅಲ್ಲಿಂದ ಇಲ್ಲಿಗೆ ಬಂದಿರಬೇಕೆಂಬ ಊಹೆ ಸಹಜವಾಗಿತ್ತು. ಒಂದು ಭಾರತೀಯ ಕುಟುಂಬದಲ್ಲಿ ಆ ತಪ್ಪಿನ ಆಚೀಚಿನ ಅಕ್ಷರಗಳನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಸುತ್ತಲಿನ ಸಾಲು ಯಹೂದಿ ಕುಟುಂಬಗಳದಕ್ಕೆ ಹೊಂದಲಿಲ್ಲ, ಅಂದರೆ ಅದೇ ಎರಡು ಅಕ್ಷರ ಇಲ್ಲಿ ಇನ್ನೊಬ್ಬ ಪೂರ್ವಜರಲ್ಲಿ ತಾನಾಗಿ ಬಿದ್ದುಹೋಗಿದ್ದವು. ಆ ಪೂರ್ವಜರ ಎಲ್ಲ ವಂಶಜರೂ ಇವತ್ತು ಎಲ್ಲಿದ್ದಾರೆ, ಯಾವ ಊರಿನ ಯಾವ ಮನೆಯಲ್ಲಿ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿಕೊಳ್ಳಬೇಕಾಗಿದೆ ಎಂದು ತಿಳಿಯಲು ಇಲ್ಲಿಯ ಜನರ ಜೀನ್‌ಗಳನ್ನೇ ಓದಬೇಕು.